ಮನೆ ರಿಪೇರಿ ಮೇಸ್ತ್ರಿಗೆ ದುಡ್ಡು ಕೊಡುವ ಕ್ರಮ: ಅಡ್ವಾನ್ಸಿನಿಂದ ಪುಷ್ಯ ಮಳೆಯ ತನಕ

ಮೇಸ್ತ್ರಿ ಕೈಗೆ ಕೆಲಸಕ್ಕಿಂತ ಮುಂಚೆ ಹೆಚ್ಚು ಹಣ ಹೋದರೆ ಆಳುಗಳು ಇನ್ನೊಂದು ಸೈಟಿಗೆ ಹೋಗುತ್ತಾರೆ. ತೀರಾ ತಡವಾಗಿ ಹೋದರೆ ಶನಿವಾರದ ಬಟವಾಡೆಗೆ ಕಾಸಿಲ್ಲದೆ ಅವರೇ ಬಿಟ್ಟು ಹೋಗುತ್ತಾರೆ. ಹೇಗಾದರೂ ನಿಲ್ಲುವುದು ನಿಮ್ಮ ಮನೆ ಕೆಲಸವೇ.

ಬರೀ ಕೂಲಿಯೋ, ಸಾಮಾನು ಸಮೇತವೋ ಎಂಬುದು ಮೊದಲು ತೀರ್ಮಾನವಾಗಲಿ. ಬರೀ ಕೂಲಿಯಾದರೆ ಅಡ್ವಾನ್ಸ್ ಶೇ. 5ರಿಂದ 10 ಸಾಕು. ಸಾಮಾನು ಸಮೇತವಾದರೂ ಸಿಮೆಂಟು, ಕಬ್ಬಿಣ, ಪೈಪಿನ ದುಡ್ಡನ್ನು ಅಂಗಡಿಗೇ ಕಟ್ಟಿ, ಬಿಲ್ಲನ್ನು ನಿಮ್ಮ ಹೆಸರಲ್ಲಿ ಬರೆಸಿ, ಆ ಮೊತ್ತವನ್ನು ಗುತ್ತಿಗೆಯಲ್ಲಿ ಮುರಿದುಕೊಳ್ಳಿ. ಅರ್ಧ ದುಡ್ಡು ಮುಂಗಡ ಕೊಟ್ಟು ಸಿಕ್ಕಿಬೀಳುವುದು ಸಾಮಾನ್ಯವಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಸಕಲೇಶಪುರ, ಮೂಡಿಗೆರೆ ಕಡೆ ಎಲ್ಲರಿಗೂ ಮಳೆಗೆ ಮುಂಚೆ ಮಾಡಿನ (ಇಳಿಜಾರು ಚಾವಣಿಯ) ಕೆಲಸ ಮುಗಿಯಬೇಕು. ಕಾಫಿ ಕೊಯ್ಲು ಇಳಿಯುತ್ತಿದ್ದಂತೆ ಮಾತು ಮುಗಿಸಿದರೆ ಚೌಕಾಸಿಗೂ ಬಿಡುವು ಇರುತ್ತದೆ.

ಹೆಂಚಿನ ಮಾಡು ಮತ್ತು ಬಚ್ಚಲು ಸೇರಿ ಒಟ್ಟು 4 ಲಕ್ಷದ ಕೆಲಸ ಅಂದುಕೊಳ್ಳಿ. ಶುರುವಿಗೆ 40,000. ಹಳೇ ಹೆಂಚು ಇಳಿಸಿ ಪಕಾಸಿ (ಇಳಿಜಾರಾಗಿ ಕೂರುವ ಮರದ ತೊಲೆ), ರೀಪು (ಅದರ ಮೇಲೆ ಅಡ್ಡಲಾಗಿ ಹೊಡೆಯುವ ಮರದ ಪಟ್ಟಿ) ಪೂರ್ತಿ ಕೂರಿಸಿದ ಮೇಲೆ 1 ಲಕ್ಷ. ಹೆಂಚು ಹೊದಿಸಿ, ಮಾಡಿನ ನೆತ್ತಿಯಲ್ಲಿ ಕೂರುವ ಕೋಡಿನ ಹೆಂಚಿಗೆ ಗಾರೆ ಹಾಕಿದ ಮೇಲೆ 80,000. ಬಚ್ಚಲಿನ ಪೈಪು, ವಾಟರ್‌ಪ್ರೂಫಿಂಗ್ ಪರೀಕ್ಷೆಯಲ್ಲಿ ಪಾಸಾದರೆ 80,000. ಟೈಲ್ಸ್, ಬಣ್ಣ ಮುಗಿದರೆ 60,000. ಉಳಿದ 40,000 ನಿಮ್ಮಲ್ಲೇ ಇರಲಿ. ಕಂತುಗಳನ್ನು ತಾರೀಖಿಗೆ ಕಟ್ಟಬೇಡಿ, ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟಿ. ‘ಅರ್ಧ ಕೆಲಸ ಆದಾಗ’ ಎಂದು ಬರೆದರೆ ಅರ್ಧ ಎಂದರೆ ಎಷ್ಟು ಎಂಬುದಕ್ಕೇ ಜಗಳ. ಒಂದು ಹಂತಕ್ಕೆ ಹತ್ತು ದಿನಕ್ಕಿಂತ ಹೆಚ್ಚು ಹಿಡಿಯುವಂತಿದ್ದರೆ ಅದನ್ನು ಎರಡು ಮಾಡಿ, ಬಟವಾಡೆ ನಡೆಯಬೇಕಲ್ಲ. ಹಂತ ಮುಗಿದು ನೋಡಿದ ಮೇಲೆ ಎರಡು ದಿನದೊಳಗೆ ಹಣ ಕೊಟ್ಟುಬಿಡಿ. ನ್ಯಾಯ ಎರಡೂ ಕಡೆಗಿರಬೇಕು.

ಲೆಕ್ಕ ಹೆಚ್ಚಾಗಿ ಕೆಡುವುದು ಹೆಂಚು ಇಳಿಸಿದ ದಿನ. ಕೆಳಗಿನಿಂದ ಗಟ್ಟಿ ಕಂಡ ಪಕಾಸಿಯ ಗೋಡೆ ಮೇಲೆ ಕೂರುವ ತುದಿಯನ್ನು ಗೆದ್ದಲು ತಿಂದಿರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಪುಡಿ ಉದುರುತ್ತದೆ. ಮನೆಗೆ ಮಾಡಿಲ್ಲದ ಆ ಹೊತ್ತಿನಲ್ಲಿ ಹೇಳಿದ ದರಕ್ಕೆ ಒಪ್ಪಲೇಬೇಕಾಗುತ್ತದೆ. ಅದಕ್ಕೇ ಒಪ್ಪಂದದಲ್ಲೇ ‘ಕೆಟ್ಟ ಪಕಾಸಿ ಬದಲಾಯಿಸಲು ಅಡಿಗೆ ಇಷ್ಟು, ಮರದ ಜಾತಿ ಇದು, ಅಳತೆ ಇಷ್ಟು’ ಎಂದು ಬರೆದಿಡಿ. ಬೇರೆ ಯಾವುದೇ ಎಕ್ಸ್‌ಟ್ರಾ ಕೆಲಸವಿದ್ದರೂ ಕೈ ಹಾಕುವ ಮುಂಚೆ ದರ ವಾಟ್ಸ್ಆಪಿನಲ್ಲಿ ಬರಲಿ, ನೀವು ಒಪ್ಪಿಗೆ ಕಳಿಸಿದ ಮೇಲೇ ಶುರುವಾಗಲಿ.

ಅಳತೆಯನ್ನೂ ಮುಂಚೆಯೇ ಹೇಳಿಕೊಳ್ಳಿ. ಚದರ ಎಂದರೆ 100 ಚದರಡಿ. ಮಾಡನ್ನು ಇಳಿಜಾರಿನ ಮೇಲೆ ಅಳೆಯುತ್ತೀರೋ, ನೆಲದ ಮೇಲೋ? ಪ್ಲಾಸ್ಟರಿಂಗಿನಲ್ಲಿ ಕಿಟಕಿ, ಬಾಗಿಲಿನ ಜಾಗ ಕಳೆಯುತ್ತೀರೋ, ಇಲ್ಲವೋ? ಬರೆಯದಿದ್ದರೆ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸ ಬರುತ್ತದೆ.

ಬಚ್ಚಲಿನ ಕಂತು ಕೊಡುವ ಮುಂಚೆ, ಟೈಲ್ಸ್ ಹಾಕುವುದಕ್ಕೂ ಮೊದಲು, ನೀರು ಹೋಗುವ ಪೈಪಿನ ಬಾಯಿ ಕಟ್ಟಿ ನೆಲದ ಮೇಲೆ ನೀರು ನಿಲ್ಲಿಸಿ. ಗೋಡೆಗೆ ಪೆನ್ಸಿಲ್ ಗುರುತು ಹಾಕಿ 48 ಗಂಟೆ ಬಿಡಿ. ಅಲ್ಪಸ್ವಲ್ಪ ಆವಿಯಾಗುವುದು ಸಹಜ. ಕೆಳಗಿನ ಕೋಣೆಯ ಚಾವಣಿಯಲ್ಲಿ, ಪಕ್ಕದ ಗೋಡೆಯಲ್ಲಿ ತೇವ ಕಂಡರೆ ಕಂತು ನಿಲ್ಲಿಸಿ. ಟೈಲ್ಸ್ ಹಾಕಿದ ಮೇಲೆ ಸೋರಿಕೆ ಹುಡುಕಬೇಕಾದರೆ ಎಲ್ಲವನ್ನೂ ಒಡೆಯಬೇಕು.

ಕೊನೆಯ 40,000ದಲ್ಲಿ ಸಣ್ಣಪುಟ್ಟ ತಪ್ಪು ಸರಿಮಾಡಿದ ಮೇಲೆ 20,000 ಕೊಡಿ. ಮಿಕ್ಕ 20,000 ಪುಷ್ಯ ಮಳೆ ಮುಗಿಯುವ ತನಕ, ಅಂದರೆ ಆಗಸ್ಟ್ ಮೊದಲ ವಾರದವರೆಗೆ ಇರಲಿ. ಎರಡು ಇಳಿಜಾರು ಸೇರುವ ಕಡೆಯ ತಗಡು ಸೋರುತ್ತದೋ ಇಲ್ಲವೋ ಎಂಬುದು ಗಾಳಿ ಸಮೇತ ಹೊಡೆಯುವ ಮಳೆಯಲ್ಲೇ ಗೊತ್ತಾಗುವುದು. ಅರಸೀಕೆರೆ, ಕಡೂರಿನಂಥ ಮಳೆ ಕಮ್ಮಿಯ ಕಡೆ ಪೈಪು ಹಿಡಿದು ಅರ್ಧ ಗಂಟೆ ನೀರು ಬಿಟ್ಟು ನೋಡಿ. ಈ ಹಣ ಹಿಡಿಯುವ ವಿಷಯವನ್ನು ಮೊದಲೇ ಹೇಳಿ. ಕೊನೆಗೆ ಹೇಳಿದರೆ ಅದು ಅನ್ಯಾಯವೇ.

ಎಲ್ಲವನ್ನೂ ಎರಡು ಪ್ರತಿ ಬರೆದು ಇಬ್ಬರೂ ಸಹಿ ಹಾಕಿ. ಹಣ ಬ್ಯಾಂಕ್ ಮೂಲಕ ಹೋಗಲಿ, ಯಾವ ಹಂತಕ್ಕೆ ಎಂದು ಪ್ರತಿ ಸಲವೂ ನಮೂದಿಸಿ. 2 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಒಬ್ಬರಿಂದ ಒಂದೇ ದಿನ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯಿದೆಯಲ್ಲಿ ನಿಷೇಧವಿದೆ. ಕೆಲಸ ಅರ್ಧಕ್ಕೆ ಬಿಟ್ಟು ಹೋದರೆ ಫೋಟೋ, ಪಾವತಿ ವಿವರ ಇಟ್ಟುಕೊಂಡು ಮೊದಲು ಲಿಖಿತ ನೋಟಿಸ್ ಕೊಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು.