ಹಿಡಿದುಕೊಂಡ ಪೆಟ್ರೋಲ್ ಟ್ಯಾಪ್ ಬಿಡಿಸಿದ್ದು

ಕೊನೆಗೂ ನನ್ನ ಹಳೇ ಬೈಕಿನ ಎರಡೂ ಪೆಟ್ರೋಲ್ ಟ್ಯಾಪ್ ಬಿಟ್ಟುಕೊಂಡವು. "ಅದು ಬರಲ್ಲ ಸಾರ್, ಎಸೆದು ಬೇರೆ ಹಾಕ್ಸಿ" ಎಂದವರು ಮೂರ್ನಾಲ್ಕು ಜನ. ಅವರಿಗಾಗಿಯೇ ಬರೆಯುತ್ತಿದ್ದೇನೆ.

ಗಾಡಿ 1950ರ ದಶಕದ ಬ್ರಿಟಿಷ್ ಬೈಕ್, ಬಿಎಸ್‌ಎ. ಟ್ಯಾಂಕ್ ಕೆಳಗೆ ಮೇನ್ ಒಂದು, ರಿಸರ್ವ್ ಒಂದು. ಎರಡೂ ಇವಾರ್ಟ್ಸ್ ಕಂಪನಿಯ ಹಿತ್ತಾಳೆ ಟ್ಯಾಪ್, ಎಳೆದು ತಳ್ಳುವಂಥವು. ಗಾಡಿ ಹತ್ತು ವರ್ಷಕ್ಕೂ ಜಾಸ್ತಿ ಒಣಗಿ ನಿಂತಿತ್ತು. ಪೆಟ್ರೋಲ್ ಆರಿ ಉಳಿದ ಅಂಟಿಗೆ ಒಳಗೆ ಸರಿಯುವ ಪ್ಲಂಜರ್ (ಕಡ್ಡಿ) ಸುತ್ತಲಿನ ಕಾರ್ಕ್ ಕಚ್ಚಿಕೊಂಡಿತ್ತು.

ಸೀಮೆಎಣ್ಣೆ, ಡೀಸೆಲ್ ಯಾವುದಕ್ಕೂ ಜಗ್ಗಲಿಲ್ಲ. ಡಬ್ಲ್ಯೂಡಿ-40 ಡಬ್ಬ ಮುಕ್ಕಾಲು ಖಾಲಿಯಾಯಿತು, ಸುಮಾರು ನಾನೂರು ರೂಪಾಯಿ ಹೋಯಿತು. ಒಂದು ಗ್ಯಾರೇಜಿನಲ್ಲಿ ಇಕ್ಕಳ ಹಾಕಿ ತಿರುಗಿಸಿ, ಗುಂಡಿಯ ಹಲ್ಲು ಸವೆಸಿ ಕೊಟ್ಟರು. ಬದಿಯಲ್ಲಿರುವ ಪುಟ್ಟ ಗ್ರಬ್ ಸ್ಕ್ರೂ (ಪ್ಲಂಜರ್ ಹಿಡಿದಿಡುವ ತಲೆಯಿಲ್ಲದ ಸ್ಕ್ರೂ) ಬಿಚ್ಚದೆ ತಿರುಗಿಸಿದರೆ ಇನ್ನೇನಾಗುತ್ತೆ?

ನಾನು ಮೊದಲು ಆ ಸ್ಕ್ರೂ ತೆಗೆದೆ. ಒಂದು ಕಡೆ ಗುಂಡಿ ಬಿಚ್ಚಿದೆ. ಅಸಿಟೋನ್ ಮತ್ತು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಮಾಮೂಲಿ ಗೇರ್ ಎಣ್ಣೆ ಅಲ್ಲ) ಅರ್ಧಕ್ಕರ್ಧ ಬೆರೆಸಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ನಾಲ್ಕೈದು ದಿನ ಮುಳುಗಿಸಿಟ್ಟೆ. ಆಮೇಲೆ ಹೊರಗೆ ಗಾಳಿಗೆ ಚೆನ್ನಾಗಿ ಒಣಗಿಸಿದೆ. ಅಸಿಟೋನ್ ವಾಸನೆ ಪೂರ್ತಿ ಹೋಗುವ ತನಕ ಬೆಂಕಿ ಹತ್ತಿರ ಒಯ್ಯಬಾರದು. ನಂತರ ಹಳೇ ಪಾತ್ರೆಯಲ್ಲಿ ನೀರಿಗೆ ಹಾಕಿ ಇಪ್ಪತ್ತು ನಿಮಿಷ ಕುದಿಸಿದೆ. ಬಿಸಿ ಇರುವಾಗಲೇ ಬೆಂಚ್ ವೈಸಿಗೆ ಕೊಟ್ಟೆ. ಒಂದು ಕಡೆ ಪ್ಲಂಜರ್ ಹೊರಬರಲು ಪೊಳ್ಳು ಸಾಕೆಟ್, ಇನ್ನೊಂದು ಕಡೆ ಅದನ್ನು ತಳ್ಳಲು ಮರದ ತುಂಡು. ವೈಸಿನ ಹಿಡಿಯನ್ನು ಕಾಲು ಸುತ್ತು ತಿರುಗಿಸುವುದು, ನಿಲ್ಲಿಸುವುದು. ಟಕ್ ಅಂದಿತು. ಪ್ಲಂಜರ್ ಜೊತೆ ಬೆಲ್ಲದ ಪಾಕದಂಥ ಕಂದು ಅಂಟು ಹೊರಬಂತು. ರಿಸರ್ವ್ ಟ್ಯಾಪ್ ಎರಡನೇ ಸಲ ಕುದಿಸಿದ ಮೇಲೆ ಬಂತು.

ಹಿತ್ತಾಳೆ ತೊಳೆಯಲು ಹುಣಸೆ ನೀರು ಐದೇ ನಿಮಿಷ ಸಾಕು. ಒಂದು ಹಳೇ ಹಿತ್ತಾಳೆ ನಟ್ಟನ್ನು ವಿನೆಗರ್‌ನಲ್ಲಿ ರಾತ್ರಿಯಿಡೀ ಬಿಟ್ಟು ನೋಡಿದೆ. ಸತು ಕರಗಿ ಮೇಲ್ಮೈ ತಾಮ್ರದ ಬಣ್ಣಕ್ಕೆ ತಿರುಗಿತ್ತು.

ಹೊಸ ಕಾರ್ಕ್ ಹುಡುಕಾಟ ಇನ್ನೊಂದು ಕಥೆ. ಬ್ಯಾಡ್ಮಿಂಟನ್ ಶಟಲ್ ತಲೆಯ ಕಾರ್ಕ್ ಕೊರೆದು ಹಾಕಿದೆ. ಒಂದು ವಾರ ತಡೆಯಿತು, ಆಮೇಲೆ ಜಿನುಗಿತು. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಎಳೆಯುತ್ತೆ, ಮಾಮೂಲಿ ರಬ್ಬರನ್ನೂ ಉಬ್ಬಿಸುತ್ತೆ. ಹಾಗಾಗಿ ಕಾರ್ಕಿನ ಜಾಗಕ್ಕೆ ಹಿತ್ತಾಳೆ ಬುಷ್ (ಬಳೆ) ಮಾಡಿಸಿ, ಗ್ರೂವ್ ಹೊಡೆಸಿ, ಪೆಟ್ರೋಲ್ ತಡೆಯುವ ವೈಟಾನ್ ರಬ್ಬರಿನ ಓ-ರಿಂಗ್ ಕೂರಿಸಿದೆ. ಲೇತ್ ಕೂಲಿ ಇನ್ನೂರೈವತ್ತೋ ಏನೋ, ರಿಂಗಿಗೆ ಇಪ್ಪತ್ತರ ಆಸುಪಾಸು. ಹೊರದೇಶದ ಹೊಸ ಜೋಡಿಗೆ ನಾಲ್ಕು ಸಾವಿರದ ಮೇಲೆ ಕೇಳಿದ್ದರು!

ಓ-ರಿಂಗ್ ಹಾಕಿಯೂ ಸೋರಿತು ಅನ್ನುವವರು ಟ್ಯಾಪಿನ ಬಾಡಿ ಒಳಗೆ ಬೆರಳಾಡಿಸಿ ನೋಡಿ. ಪೆಟ್ರೋಲ್ ಬರುವ ತೂತಿನ ಅಂಚು ಚೂಪಾಗಿರುತ್ತೆ. ಪ್ಲಂಜರ್ ಸರಿಯುವಾಗ ಅದು ರಿಂಗನ್ನು ಸಣ್ಣಗೆ ಕತ್ತರಿಸುತ್ತೆ. ಕಡ್ಡಿಗೆ 1200 ನಂಬರ್ ಎಮರಿ ಕಾಗದ ಸುತ್ತಿ ಆ ಅಂಚು ಮೊಂಡು ಮಾಡಿದೆ. ಇಡೀ ಕೆಲಸದ ಜೀವ ಇರುವುದು ಅಲ್ಲೇ. ರಿಂಗಿಗೆ ಏನು ಸವರಿ ಕೂರಿಸಿದೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಟ್ಯಾಂಕ್ ತುಂಬಿಸಿ, ಕೆಳಗೆ ರಟ್ಟು ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ರಟ್ಟು ಒಣಗಿಯೇ ಇತ್ತು. ಆರು ತಿಂಗಳಾಯಿತು, ಎರಡೂ ಟ್ಯಾಪ್ ಒಂದೇ ಬೆರಳಿಗೆ ಸರಿಯುತ್ತವೆ.