120ರ ಲೆಕ್ಕ: ಡಿಸ್ಕ್ ಸಿಂಕ್ ಅಳೆದ ನನ್ನ ಅನುಭವ

ಒಂದು ಅಡಿಕೆ ಮಂಡಿಯ ಲೆಕ್ಕಪತ್ರದ ಸರ್ವರ್ ನೋಡಿಕೊಳ್ಳುತ್ತೇನೆ. ಲಿನಕ್ಸ್, ಪೋಸ್ಟ್‌ಗ್ರೆಸ್ ಡೇಟಾಬೇಸ್, 7200 ಆರ್‌ಪಿಎಂನ ಒಂದು ಹಾರ್ಡ್ ಡಿಸ್ಕ್, ಅಷ್ಟೆ. ಮಳೆಗಾಲದ ಒಂದು ಸಂಜೆ ಕರೆಂಟು ಹೋಯಿತು, ಯುಪಿಎಸ್ ಕೂಡ ಕೈಕೊಟ್ಟಿತು. ಮತ್ತೆ ಆನ್ ಮಾಡಿದಾಗ ಡೇಟಾಬೇಸ್ ಎದ್ದಿತು. ಆದರೆ ಗುಮಾಸ್ತರು ರಸೀದಿ ಪುಸ್ತಕ ಹಿಡಿದು ಬಂದರು: "ಸಾರ್, ಕೊನೆಯ ಎರಡು ರಸೀದಿ ಕಂಪ್ಯೂಟರಲ್ಲಿ ಇಲ್ಲ. ರೈತರ ಕೈಗೆ ಪ್ರಿಂಟ್ ಕೊಟ್ಟಾಗಿದೆಯಲ್ಲ!"

ಕಮಿಟ್ ಆಯಿತು, ಅಂದರೆ ಬರೆದದ್ದು ಖಾಯಂ ಆಯಿತು, ಎಂದು ಡೇಟಾಬೇಸ್ ಹೇಳಿದ ಮೇಲೆ ಆ ಸಾಲು ಡಿಸ್ಕಿನಲ್ಲಿ ಇರಲೇಬೇಕು. ಎಲ್ಲಿ ತಪ್ಪಿತು ಎಂದು ಹುಡುಕಲು ಪೋಸ್ಟ್‌ಗ್ರೆಸ್ ಜೊತೆಗೇ ಬರುವ ಪಿಜಿ_ಟೆಸ್ಟ್_ಎಫ್‌ಸಿಂಕ್ ಎಂಬ ಪರೀಕ್ಷಾ ಸಾಧನ ತೆಗೆದುಕೊಂಡೆ. 8 ಕೆಬಿಯ ಒಂದೊಂದು ತುಂಡು ಬರೆದು, ಪ್ರತಿ ಸಿಂಕ್ ವಿಧಾನವೂ (ಬರೆದದ್ದನ್ನು ಡಿಸ್ಕಿಗೆ ಇಳಿಸಿ, ಮುಗಿಯುವವರೆಗೆ ಕಾಯುವ ಬಗೆ) ಸೆಕೆಂಡಿಗೆ ಎಷ್ಟು ಸಲ ಮುಗಿಯುತ್ತದೆ ಎಂದು ಅದು ಎಣಿಸುತ್ತದೆ.

ಮೊದಲ ಸಲ ಟೆಂಪ್ ಫೋಲ್ಡರಿನಲ್ಲಿ ಓಡಿಸಿಬಿಟ್ಟೆ. ಆ ಫೋಲ್ಡರ್ ಇದ್ದದ್ದು ರ್‍ಯಾಮಿನಲ್ಲಿ, ಬಂದ ಅಂಕಿಗೆ ಅರ್ಥವೇ ಇರಲಿಲ್ಲ. ವಾಲ್ ಫೈಲುಗಳು (ಪ್ರತಿ ಬದಲಾವಣೆಯನ್ನೂ ಪೋಸ್ಟ್‌ಗ್ರೆಸ್ ಮೊದಲು ಬರೆದಿಡುವ ದಾಖಲೆ) ಇರುವ ಡಿಸ್ಕಿನಲ್ಲೇ ಪರೀಕ್ಷಾ ಫೈಲು ಇಟ್ಟು ಮತ್ತೆ ಓಡಿಸಿದೆ. ಸೆಕೆಂಡಿಗೆ ಸಾವಿರಾರು!

ಖುಷಿಪಡುವ ಬದಲು ಎದೆ ಧಸಕ್ಕೆಂದಿತು. ನಿಮಿಷಕ್ಕೆ 7200 ಸುತ್ತು ಎಂದರೆ ಸೆಕೆಂಡಿಗೆ 120. ಅದೇ ಜಾಗಕ್ಕೆ ಮತ್ತೆ ಬರೆಯಬೇಕಾದರೆ ತಟ್ಟೆ ಒಂದು ಸುತ್ತು ತಿರುಗಿ ಬರಬೇಕು, ಅಂದರೆ ಸುಮಾರು 8.3 ಮಿಲಿಸೆಕೆಂಡು. 120ಕ್ಕಿಂತ ಎಷ್ಟೋ ಹೆಚ್ಚು ಬಂತೆಂದರೆ ಡೇಟಾ ಡಿಸ್ಕಿನ ಕ್ಯಾಶ್‌ನಲ್ಲೇ (ಕರೆಂಟು ಹೋದರೆ ಅಳಿಯುವ ತಾತ್ಕಾಲಿಕ ಮೆಮೊರಿಯಲ್ಲಿ) ನಿಂತಿದೆ, ತಟ್ಟೆಗೆ ಇಳಿದಿಲ್ಲ. ಡಿಸ್ಕನ್ನು ಯಾವ ಸೆಟ್ಟಿಂಗ್‌ನಲ್ಲಿ ಜೋಡಿಸಬೇಕೆಂದು ಬರೆದಿರುವ ಎಫ್‌ಎಸ್‌ಟ್ಯಾಬ್ ಫೈಲು ತೆರೆದು ನೋಡಿದೆ. ವೇಗಕ್ಕೆಂದು ಹಿಂದೆ ಯಾರೋ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನ ಬ್ಯಾರಿಯರ್ ಆಫ್ ಮಾಡಿದ್ದರು. ಸಿಂಕ್ ಕೇಳಿದರೂ ಕ್ಯಾಶ್ ಖಾಲಿ ಮಾಡು ಎಂಬ ಆದೇಶ ಡಿಸ್ಕಿಗೆ ಹೋಗುತ್ತಲೇ ಇರಲಿಲ್ಲ.

ಆ ಸಾಲು ತೆಗೆದು ಮತ್ತೆ ಅಳೆದೆ. ಎಫ್‌ಡೇಟಾಸಿಂಕ್ ಎಂಬ ವಿಧಾನ 120ರ ಆಸುಪಾಸಿಗೆ ಇಳಿಯಿತು. ಎಫ್‌ಸಿಂಕ್ ಅದಕ್ಕಿಂತಲೂ ನಿಧಾನ, ಏಕೆಂದರೆ ಅದು ಫೈಲಿನ ಸಮಯದಂಥ ಮಾಹಿತಿಯನ್ನೂ ಫೈಲ್ ಸಿಸ್ಟಮ್ಮಿನ ಜರ್ನಲ್‌ಗೆ ಬರೆಸುತ್ತದೆ. ವಾಲ್ ಫೈಲುಗಳು 16 ಎಂಬಿಯಂತೆ ಮೊದಲೇ ತಯಾರಾಗಿ, ಮರುಬಳಕೆಯಾಗುತ್ತಿರುತ್ತವೆ. ಗಾತ್ರ ಬದಲಾಗದ್ದರಿಂದ ಅವಕ್ಕೆ ಎಫ್‌ಡೇಟಾಸಿಂಕ್ ಸಾಕು. ಓಪನ್_ಡೇಟಾಸಿಂಕ್ ಎಂಬ ಇನ್ನೊಂದು ವಿಧಾನ ಒಂದು ತುಂಡಿಗೆ ಅದರ ಸಮಕ್ಕೇ ನಿಂತಿತು. ಆದರೆ ಎರಡು ತುಂಡು ಬರೆಯುವ ಪರೀಕ್ಷೆಯಲ್ಲಿ ಅರ್ಧಕ್ಕೆ ಬಿತ್ತು: ಪ್ರತಿ ತುಂಡಿಗೂ ಅದು ಬೇರೆಬೇರೆ ಕಾಯುತ್ತದೆ, ಎಫ್‌ಡೇಟಾಸಿಂಕ್ ಎರಡನ್ನೂ ಬರೆದು ಒಂದೇ ಸಲ ಕಾಯುತ್ತದೆ. ಲಿನಕ್ಸ್‌ನಲ್ಲಿ ಪೋಸ್ಟ್‌ಗ್ರೆಸ್ ತಾನಾಗಿ ಆರಿಸುವುದೂ ಎಫ್‌ಡೇಟಾಸಿಂಕನ್ನೇ. ಹಾಗೇ ಬಿಟ್ಟೆ.

ಅಂಕಿ ಸರಿಹೋಯಿತೆಂದು ನೆಮ್ಮದಿಯಾಗಲಿಲ್ಲ. ಅದೇ ಮಾದರಿಯ ಇನ್ನೊಂದು ಡಿಸ್ಕನ್ನು ಬೇರೆ ಮೆಷಿನ್ನಿಗೆ ಹಾಕಿ, ಡಿಸ್ಕ್‌ಚೆಕರ್ ಸ್ಕ್ರಿಪ್ಟ್ ಓಡಿಸಿದೆ. ಯಾವ ಯಾವ ಬರಹ ಸಿಂಕ್ ಆಯಿತೆಂದು ಅದು ನೆಟ್‌ವರ್ಕ್ ಮೂಲಕ ಪಕ್ಕದ ಮೆಷಿನ್ನಿಗೆ ಹೇಳುತ್ತ ಹೋಗುತ್ತದೆ. ನಡುವೆ ಪ್ಲಗ್ ಕಿತ್ತು, ಮತ್ತೆ ಆನ್ ಮಾಡಿ ಎರಡೂ ಕಡೆ ತಾಳೆ ನೋಡಿದೆ. ಬ್ಯಾರಿಯರ್ ಆಫ್ ಇದ್ದಾಗ ಸಿಂಕ್ ಆಯಿತೆಂದ ಬರಹಗಳೇ ಮಾಯ. ಆನ್ ಇದ್ದಾಗ ಎಷ್ಟು ಸಲ ಪ್ಲಗ್ ಕಿತ್ತರೂ ಒಂದೂ ಕಳೆಯಲಿಲ್ಲ. ಸಾಫ್ಟ್‌ವೇರಿನಿಂದ ರೀಬೂಟ್ ಮಾಡಿದರೆ ಈ ಪರೀಕ್ಷೆ ಆಗುವುದಿಲ್ಲ, ಡಿಸ್ಕಿಗೆ ಹೋಗುವ ಕರೆಂಟೇ ತಪ್ಪಬೇಕು.

ಮರುದಿನ ಗುಮಾಸ್ತರು ಮತ್ತೆ ಬಂದರು. ಸಂಜೆ ತೂಕದ ಪಟ್ಟಿ ಏರಿಸುವುದು ಭಾರೀ ನಿಧಾನವಾಗಿದೆ ಎಂದರು. ಅವರ ಮಾತು ನಿಜ. ಸುಮಾರು 5000 ಸಾಲು, ಪ್ರತಿ ಸಾಲಿಗೂ ಒಂದು ಕಮಿಟ್. ಸೆಕೆಂಡಿಗೆ 120ರಂತೆ ಹಿಡಿದರೂ 40 ಸೆಕೆಂಡಿಗೆ ಮೇಲೆ. ಸಿಂಕ್ರೊನಸ್_ಕಮಿಟ್ (ಡಿಸ್ಕಿಗೆ ಇಳಿಯುವವರೆಗೆ ಕಮಿಟ್ ಕಾಯುವಂತೆ ಮಾಡುವ ಸೆಟ್ಟಿಂಗ್) ಆಫ್ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ರೈತರ ರಸೀದಿಗೆ ಅದು ನನಗೆ ಒಪ್ಪಿಗೆಯಾಗಲಿಲ್ಲ, ಕೊನೆಯ ಕ್ಷಣದ ಕಮಿಟ್‌ಗಳು ಮತ್ತೆ ಕಳೆದುಹೋಗಬಹುದು. ಪಟ್ಟಿ ಏರಿಸುವ ಸ್ಕ್ರಿಪ್ಟಿನಲ್ಲಿ ಆರಂಭಕ್ಕೆ ಬಿಗಿನ್, ಕೊನೆಗೆ ಕಮಿಟ್ ಹಾಕಿ 5000 ಸಾಲನ್ನೂ ಒಂದೇ ಟ್ರಾನ್ಸಾಕ್ಷನ್ ಮಾಡಿದೆ, ಈಗ ಕಮಿಟ್‌ಗೆ ಕಾಯುವುದು ಒಂದೇ ಸಲ. ಗುಮಾಸ್ತರು ಗುಂಡಿ ಒತ್ತಿ, ಚಹಾ ಲೋಟ ಎತ್ತಿಕೊಳ್ಳುವಷ್ಟರಲ್ಲಿ ಪಟ್ಟಿ ಏರಿತ್ತು.