ವಿಡಿಯೊ ನಿಲ್ಲಿಸಿ, ಕಾಯಿ ನಡೆಸಿ: ಚದುರಂಗದ ವಿಡಿಯೊ ಕೋರ್ಸ್‌ಗಳಿಂದ ಕಲಿಯುವ ಕ್ರಮ

ಉಡುಪಿಯಲ್ಲಿ ಸಂಜೆಯ ಹೊತ್ತು ಮಕ್ಕಳಿಗೆ ಚದುರಂಗ ಹೇಳಿಕೊಡುವ ನನ್ನನ್ನು ಪೋಷಕರು ಈಚೆಗೆ ಹೆಚ್ಚಾಗಿ ಕೇಳುವ ಪ್ರಶ್ನೆಯೆಂದರೆ, ಮಗುವಿಗೆ ಯಾವ ವಿಡಿಯೊ ಕೋರ್ಸ್ ತೆಗೆದುಕೊಡಬೇಕು ಎಂಬುದು. ಉತ್ತರ ಹೇಳುವ ಮೊದಲು ನಾನು ಮಗು ಸೋತ ಆಟಗಳ ಸ್ಕೋರ್‌ಶೀಟ್‌ಗಳನ್ನು, ಅಂದರೆ ನಡೆಗಳನ್ನು ಬರೆದಿಟ್ಟ ಹಾಳೆಗಳನ್ನು, ತರಲು ಹೇಳುತ್ತೇನೆ. ಕೋರ್ಸ್ ಒಳ್ಳೆಯದೋ ಅಲ್ಲವೋ ಎಂಬುದು ಅದನ್ನು ಕಲಿಸಿದ ಗ್ರಾಂಡ್‌ಮಾಸ್ಟರ್‌ನ ಹೆಸರಿಗಿಂತ ಹೆಚ್ಚಾಗಿ ನೋಡುವವನಿಗೆ ಈಗ ಏನು ಬೇಕಾಗಿದೆ ಎಂಬುದರ ಮೇಲೆ ನಿಂತಿರುತ್ತದೆ, ಮತ್ತು ಅದು ಅವನು ಸೋತ ಆಟಗಳಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ಆದ್ದರಿಂದ ಮೊದಲ ಕೆಲಸ ಇದು. ನಿಮ್ಮ ಕೊನೆಯ 20 ಸೋಲುಗಳನ್ನು ಒಟ್ಟುಮಾಡಿ. ಟೂರ್ನಿಯ ಆಟಗಳಿದ್ದರೆ ಬಹಳ ಒಳ್ಳೆಯದು. ಇಲ್ಲದಿದ್ದರೆ ಆನ್‌ಲೈನಿನಲ್ಲಿ ಒಬ್ಬೊಬ್ಬರಿಗೆ 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಆಡಿದ ಆಟಗಳು ಸಾಕು. ಮೂರು ನಿಮಿಷದ ಬ್ಲಿಟ್ಜ್ ಆಟಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಏಕೆಂದರೆ ಅಲ್ಲಿನ ತಪ್ಪುಗಳಲ್ಲಿ ತಿಳಿಯದೆ ಆದದ್ದು ಯಾವುದು, ಅವಸರದಿಂದ ಆದದ್ದು ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಪ್ರತಿಯೊಂದು ಆಟದಲ್ಲಿ ಪರಿಸ್ಥಿತಿ ಕೈಮೀರಿದ ನಡೆ ಯಾವುದು ಎಂದು ಗುರುತಿಸಿ, ಅದನ್ನು ನೋಟ್‌ಪುಸ್ತಕದ ಐದು ಅಂಕಣಗಳಲ್ಲಿ ಒಂದಕ್ಕೆ ಸೇರಿಸಿ: ಕಾಯಿಯನ್ನು ಪುಕ್ಕಟೆ ಬಿಟ್ಟುಕೊಟ್ಟದ್ದು, ಎದುರಾಳಿಯ ಎರಡು ಮೂರು ನಡೆಯ ಹೊಂಚು ಕಾಣದೆ ಹೋದದ್ದು, ಓಪನಿಂಗಿನಲ್ಲೇ (ಆಟದ ಆರಂಭದ ನಡೆಗಳಲ್ಲೇ) ಹಿಂದೆ ಬಿದ್ದದ್ದು, ಎಂಡ್‌ಗೇಮ್ (ಕಾಯಿಗಳು ಕಡಿಮೆಯಾದ ಕೊನೆಯ ಹಂತ) ಗೊತ್ತಿಲ್ಲದೆ ಸೋತದ್ದು, ಗಡಿಯಾರದಿಂದ ಸೋತದ್ದು. ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರ ಮೊದಲ ಎರಡು ಅಂಕಣಗಳು ತುಂಬಿರುತ್ತವೆ, ಓಪನಿಂಗಿನ ಅಂಕಣ ಬಹುತೇಕ ಖಾಲಿಯಿರುತ್ತದೆ. ಆದರೆ ಮನೆಯಲ್ಲಿ ಕೊಂಡಿಟ್ಟ ಕೋರ್ಸ್ ಮಾತ್ರ ಓಪನಿಂಗಿನದೇ ಆಗಿರುತ್ತದೆ. ಇದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ, ಏಕೆಂದರೆ ಹಣವೂ ಹೋಗಿರುತ್ತದೆ, ಮಗುವಿನ ಒಂದು ವರ್ಷವೂ ಹೋಗಿರುತ್ತದೆ.

ಕಾಯಿ ಪುಕ್ಕಟೆ ಹೋಗುವ ಅಂಕಣವೇ ದೊಡ್ಡದಾಗಿದ್ದರೆ ಸದ್ಯಕ್ಕೆ ಹಣ ಕೊಡುವ ಅಗತ್ಯವಿಲ್ಲ. ಅಮೆರಿಕದ ಇಂಟರ್‌ನ್ಯಾಷನಲ್ ಮಾಸ್ಟರ್ ಜಾನ್ ಬಾರ್ಥಲೊಮ್ಯೂ ಅವರು ಯೂಟ್ಯೂಬಿನಲ್ಲಿ ಉಚಿತವಾಗಿ ನೀಡಿರುವ ಚೆಸ್ ಫಂಡಮೆಂಟಲ್ಸ್ ಎಂಬ ಸಣ್ಣ ಸರಣಿಯ ಮೊದಲ ಪಾಠವೇ ರಕ್ಷಣೆಯಿಲ್ಲದ ಕಾಯಿಗಳನ್ನು ಕುರಿತದ್ದು. ಸೇಂಟ್ ಲೂಯಿಸ್ ಚೆಸ್ ಕ್ಲಬ್‌ನ ಉಪನ್ಯಾಸಗಳೂ ಯೂಟ್ಯೂಬಿನಲ್ಲಿ ಉಚಿತವಾಗಿ ದೊರೆಯುತ್ತವೆ. ಹಣ ಕೊಟ್ಟು ಕೊಳ್ಳುವವರಿಗೆ ಚೆಸ್‌ಬೇಸ್ ಸಂಸ್ಥೆಯ ಫ್ರಿಟ್ಸ್‌ಟ್ರೈನರ್ ವಿಡಿಯೊಗಳು, ಚೆಸ್ ಡಾಟ್ ಕಾಮ್‌ನ ಪಾಠಗಳು, ಚೆಸ್ಸೇಬಲ್‌ನ ಕೋರ್ಸ್‌ಗಳು ಇವೆ. ಚೆಸ್ಸೇಬಲ್‌ನಲ್ಲಿ ಶಾರ್ಟ್ ಅಂಡ್ ಸ್ವೀಟ್ ಎಂಬ ಹೆಸರಿನ ಸಂಕ್ಷಿಪ್ತ ಕೋರ್ಸ್‌ಗಳು ಉಚಿತವಾಗಿರುವುದರಿಂದ, ದೊಡ್ಡ ಕೋರ್ಸ್ ಕೊಳ್ಳುವ ಮೊದಲು ಆ ಕಲಿಸುವವರ ಮಾತು ನಿಮಗೆ ಹಿಡಿಸುತ್ತದೆಯೇ ಎಂದು ನೋಡಿಕೊಳ್ಳಬಹುದು.

ಕೋರ್ಸ್‌ನ ಮೇಲೆ ಇಂತಿಷ್ಟು ರೇಟಿಂಗಿನವರಿಗೆ (ಆಟದ ಬಲವನ್ನು ಅಳೆಯುವ ಅಂಕದವರಿಗೆ) ಎಂದು ಬರೆದಿರುವುದನ್ನು ಎಚ್ಚರಿಕೆಯಿಂದ ಓದಬೇಕು. ಒಂದು ತಾಣದ ರೇಟಿಂಗ್ ಇನ್ನೊಂದು ತಾಣದ ರೇಟಿಂಗಿಗೆ ಸಮವಲ್ಲ. ಆನ್‌ಲೈನ್ ಚದುರಂಗದ ತಾಣವಾದ ಲಿಚೆಸ್‌ನಲ್ಲಿ ಹೊಸಬನ ಲೆಕ್ಕ 1500ರಿಂದಲೇ ಆರಂಭವಾಗುತ್ತದೆ. ಇತ್ತ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ 2024ರ ಮಾರ್ಚ್ 1ರಿಂದ ತನ್ನ ಕನಿಷ್ಠ ರೇಟಿಂಗನ್ನು 1000ದಿಂದ 1400ಕ್ಕೆ ಏರಿಸಿದ್ದರಿಂದ, ಅದಕ್ಕಿಂತ ಮೊದಲು ತಯಾರಾದ ಕೋರ್ಸ್‌ನಲ್ಲಿ ಹೇಳಿದ ಫಿಡೆ 1400 ಮತ್ತು ಇಂದಿನ ಫಿಡೆ 1400 ಒಂದೇ ಅಲ್ಲ. ನಾನು ನಂಬುವ ಅಳತೆ ಬೇರೆಯಿದೆ. ಮಾದರಿಯಾಗಿ ಬಿಟ್ಟಿರುವ ಒಂದು ಪಾಠವನ್ನು ತೆರೆದು, ಹತ್ತು ಕಡೆ ನಿಲ್ಲಿಸಿ, ಮುಂದಿನ ನಡೆಯನ್ನು ನೀವೇ ಊಹಿಸಿ. ಹತ್ತರಲ್ಲಿ ನಾಲ್ಕರಿಂದ ಏಳು ಸರಿಯಾದರೆ ಆ ಕೋರ್ಸ್ ನಿಮ್ಮ ಮಟ್ಟಕ್ಕೆ ತಕ್ಕದ್ದು. ಒಂಬತ್ತು ಸರಿಯಾದರೆ ಅದರಲ್ಲಿ ಹೊಸದೇನೂ ಸಿಗುವುದಿಲ್ಲ. ಒಂದೆರಡೇ ಸರಿಯಾದರೆ ಒಂದು ವರ್ಷ ಕಾಯುವುದು ಲೇಸು.

ಕೋರ್ಸ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆ ಎಂದು ಕನ್ನಡ ಮಾಧ್ಯಮದ ಮಕ್ಕಳ ಪೋಷಕರು ಹಿಂಜರಿಯಬೇಕಾಗಿಲ್ಲ. ನಡೆ ಬರೆಯುವ ಪದ್ಧತಿ ಒಂದು ಗಂಟೆಯಲ್ಲಿ ಬರುತ್ತದೆ: ಉದ್ದಸಾಲುಗಳಿಗೆ ಎ ಇಂದ ಎಚ್ ವರೆಗಿನ ಅಕ್ಷರ, ಅಡ್ಡಸಾಲುಗಳಿಗೆ 1ರಿಂದ 8ರವರೆಗಿನ ಅಂಕಿ, ರಾಜನಿಗೆ ಕೆ, ಮಂತ್ರಿಗೆ ಕ್ಯೂ, ಆನೆಗೆ ಆರ್, ಒಂಟೆಗೆ ಬಿ, ಮತ್ತು ಕೆ ಅಕ್ಷರ ರಾಜನ ಪಾಲಾದ್ದರಿಂದ ಕುದುರೆಗೆ ಎನ್. ಇಷ್ಟು ತಿಳಿದ ಮಗು ಅರ್ಧ ಮಾತು ಅರ್ಥವಾಗದಿದ್ದರೂ ಬೋರ್ಡನ್ನು ನೋಡಿಯೇ ಪಾಠವನ್ನು ಹಿಂಬಾಲಿಸುತ್ತದೆ.

ಇನ್ನು ನೋಡುವ ಕ್ರಮ. ಈ ಲೇಖನದಲ್ಲಿ ಒಂದೇ ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ನಮ್ಮ ಕಡೆ ಚಿಕ್ಕಂದಿನಿಂದ ಬಯಲಾಟಗಳನ್ನು ರಾತ್ರಿಯಿಡೀ ಕೂತು ನೋಡಿದವರಿಗೆ ಭಾಗವತರ ಪದ್ಯಗಳು ಬಾಯಿಗೆ ಬರುತ್ತವೆ, ಯಾವ ವೇಷ ಎಲ್ಲಿ ಸೋತಿತು ಎಂದು ವಿಮರ್ಶೆ ಮಾಡಲೂ ಬರುತ್ತದೆ. ಆದರೆ ಅವರನ್ನೇ ರಂಗಸ್ಥಳಕ್ಕೆ ಕರೆದರೆ ಕಾಲು ತಾಳಕ್ಕೆ ಕೂಡುವುದಿಲ್ಲ. ಹೆಜ್ಜೆ ಬರಬೇಕಾದರೆ ಗುರುಗಳ ಮುಂದೆ ಅದೇ ತಾಳಕ್ಕೆ ಅದೇ ಹೆಜ್ಜೆಯನ್ನು ತಿಂಗಳುಗಟ್ಟಲೆ ಹಾಕಬೇಕು. ಚದುರಂಗದ ವಿಡಿಯೊ ನೋಡುವವನ ಸ್ಥಿತಿಯೂ ಹೀಗೆಯೇ. ಕಲಿಸುವವರು ವಿವರಿಸುವಾಗ ಎಲ್ಲವೂ ತಿಳಿದಂತೆ ಅನಿಸುತ್ತದೆ, ಏಕೆಂದರೆ ಹುಡುಕುವ ಕಷ್ಟವನ್ನು ಅವರೇ ಪಟ್ಟಿರುತ್ತಾರೆ. ಮರುದಿನ ಬೋರ್ಡಿನ ಮುಂದೆ ಒಬ್ಬನೇ ಕೂತಾಗ ಆ ಹುಡುಕಾಟವೇ ಬರುವುದಿಲ್ಲ.

ಆದ್ದರಿಂದ ಮೇಜಿನ ಮೇಲೆ ನಿಜವಾದ ಬೋರ್ಡನ್ನು ಹಾಸಿ, ಕಾಯಿಗಳನ್ನು ಜೋಡಿಸಿ, ಅದರ ಪಕ್ಕದಲ್ಲಿ ಫೋನ್ ಅಥವಾ ಲ್ಯಾಪ್‌ಟಾಪ್ ಇಡಿ. ವಿಡಿಯೊದ ಪ್ರತಿಯೊಂದು ನಡೆಯನ್ನೂ ಕೈಯಿಂದ ಬೋರ್ಡಿನ ಮೇಲೆ ನಡೆಸಿ. ಕಾಯಿ ಹೊಡೆತಕ್ಕೆ ಸಿಕ್ಕಾಗ, ಚೆಕ್ ಬಂದಾಗ, ಅಥವಾ ಕಲಿಸುವವರು ಈಗ ಏನು ಆಡಬೇಕು ಎಂದು ಕೇಳಿದಾಗ ವಿಡಿಯೊವನ್ನು ನಿಲ್ಲಿಸಿ. ಮೂರು ನಿಮಿಷ ಯೋಚಿಸಿ, ನಿಮ್ಮ ನಡೆಯನ್ನೂ ಅದಕ್ಕೆ ಎದುರಾಳಿ ಕೊಡಬಹುದಾದ ಉತ್ತರವನ್ನೂ ನೋಟ್‌ಪುಸ್ತಕದಲ್ಲಿ ಬರೆದ ಮೇಲೆಯೇ ಮುಂದುವರಿಸಿ. ಮನಸ್ಸಿನಲ್ಲೇ ಊಹಿಸಿದರೆ ಸಾಲದು; ಬರೆಯದೇ ಇದ್ದರೆ ಉತ್ತರ ಕಂಡ ಮೇಲೆ ನಾನೂ ಇದನ್ನೇ ಯೋಚಿಸಿದ್ದೆ ಎಂದು ಅನಿಸಿಬಿಡುತ್ತದೆ. ಈ ಹೊತ್ತಿನಲ್ಲಿ ಸರಿಯಾದ ನಡೆಯನ್ನು ಲೆಕ್ಕ ಹಾಕಿ ತೋರಿಸುವ, ಸ್ಟಾಕ್‌ಫಿಶ್‌ನಂತಹ ಎಂಜಿನ್ ಮುಚ್ಚಿರಲಿ. ನಿಮ್ಮ ನಡೆ ಕಲಿಸುವವರ ನಡೆಗಿಂತ ಬೇರೆಯಾಗಿದ್ದು, ಅದು ಏಕೆ ತಪ್ಪೆಂದು ವಿಡಿಯೊದಲ್ಲಿ ಹೇಳದೇ ಇದ್ದರೆ ಅದನ್ನು ಗುರುತು ಹಾಕಿಟ್ಟು, ಪಾಠ ಪೂರ್ತಿ ಮುಗಿದ ಮೇಲೆ ಎಂಜಿನ್ ತೆರೆದು ನೋಡಿ.

ಹೀಗೆ ನೋಡಿದರೆ 20 ನಿಮಿಷದ ವಿಡಿಯೊಗೆ ಒಂದು ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಹಿಡಿಯಲಿ. ವೇಗವನ್ನು ಒಂದೂವರೆ ಪಟ್ಟು, ಎರಡು ಪಟ್ಟು ಮಾಡಿ ಒಂದು ವಾರದಲ್ಲಿ ಕೋರ್ಸ್ ಮುಗಿಸುವವರಿದ್ದಾರೆ. ಒಂದು ತಿಂಗಳ ಅನಂತರ ಅದರಿಂದ ಹತ್ತು ಸ್ಥಿತಿಗಳನ್ನು ಇಟ್ಟು ಕೇಳಿದರೆ ಅವರಿಗೆ ಎರಡೂ ಹೊಳೆಯುವುದಿಲ್ಲ.

ಮರೆವಿಗೆ ಮದ್ದು ಪುನರಾವರ್ತನೆ. ಪ್ರತಿ ಪಾಠದಿಂದ ಮೂರು ನಾಲ್ಕು ಮುಖ್ಯ ಸ್ಥಿತಿಗಳನ್ನು ಆರಿಸಿ, ಲಿಚೆಸ್‌ನಲ್ಲಿ ಉಚಿತವಾಗಿರುವ ಸ್ಟಡಿ ಎಂಬ ಸೌಲಭ್ಯದಲ್ಲಿ ಒಂದೊಂದು ಅಧ್ಯಾಯವಾಗಿ ಸೇರಿಸಿಡಿ. ಮರುದಿನ, ಮೂರನೆಯ ದಿನ, ಅನಂತರ ವಾರ ಕಳೆದು ಅವನ್ನು ವಿಡಿಯೊ ಇಲ್ಲದೆ ಬಿಡಿಸಿ. ಚೆಸ್ಸೇಬಲ್‌ನ ಮೂವ್‌ಟ್ರೈನರ್ ಈ ಅಂತರಗಳನ್ನು ತಾನೇ ಲೆಕ್ಕ ಹಾಕಿ, ತಪ್ಪಿದ ನಡೆಗಳನ್ನು ಬೇಗ ಬೇಗ ಕೇಳುತ್ತದೆ. ಆಟಿಯ (ತುಳುನಾಡಿನ ಮಳೆಗಾಲದ ತಿಂಗಳಿನ) ಮಳೆಗೆ ಕರೆಂಟೂ ನೆಟ್‌ವರ್ಕೂ ಹೋಗುವ ನಮ್ಮ ಊರುಗಳಲ್ಲಿ ಸ್ಥಿತಿಗಳ ಚಿತ್ರವನ್ನು ಕಾಗದದ ಮೇಲೂ ಬರೆದಿಡುವುದು ಉಪಯುಕ್ತ. ಆಟಿಯಲ್ಲಿ ಚೆನ್ನೆಮಣೆ ಹರಡಿಕೊಂಡು ಕೂರುತ್ತಿದ್ದ ಜಗಲಿಗಳಲ್ಲಿ ಈಗ ಚದುರಂಗದ ಬೋರ್ಡನ್ನೂ ಕಾಣುವುದು ನನಗೆ ಸಂತೋಷದ ಸಂಗತಿ.

ವಿಷಯಗಳ ಅನುಕ್ರಮದಲ್ಲಿ ಹೊಂಚು, ಹೊಡೆತಗಳ ಪಾಠ ಮುಗಿದ ಕೂಡಲೇ ಎಂಡ್‌ಗೇಮಿಗೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ವಿಡಿಯೊ ಎಂಬ ಮಾಧ್ಯಮಕ್ಕೆ ಬಹಳ ಚೆನ್ನಾಗಿ ಒಗ್ಗುವುದೂ ಇದೇ, ಏಕೆಂದರೆ ಬೋರ್ಡಿನ ಮೇಲೆ ಕಾಯಿಗಳು ಕಡಿಮೆ, ವಿಚಾರ ಒಂದೇ, ಮತ್ತು ಒಮ್ಮೆ ಕಲಿತದ್ದು ಬದಲಾಗುವುದಿಲ್ಲ. ರಾಜ ಮತ್ತು ಕಾಲಾಳುಗಳ ಎಂಡ್‌ಗೇಮಿನಿಂದ ಆರಂಭಿಸಿ, ಆನೆಗಳ ಎಂಡ್‌ಗೇಮಿನಲ್ಲಿ ಫಿಲಿಡೋರ್ ಮತ್ತು ಲೂಸೆನಾ ಎಂಬ ಎರಡು ಸ್ಥಿತಿಗಳಾದರೂ ಕೈಗೆ ಬರಬೇಕು. ಫಿಲಿಡೋರ್ ಸ್ಥಿತಿಯಲ್ಲಿ ರಕ್ಷಿಸುವವನ ರಾಜ ಎದುರಾಳಿಯ ಕಾಲಾಳಿನ ದಾರಿಗೆ ಅಡ್ಡ ನಿಂತಿರುತ್ತಾನೆ, ಆನೆ ತನ್ನ ಕಡೆಯಿಂದ ಮೂರನೆಯ ಅಡ್ಡಸಾಲಿನಲ್ಲಿ ನಿಂತು ಎದುರಾಳಿಯ ರಾಜ ಮುಂದೆ ಬರದಂತೆ ತಡೆಯುತ್ತದೆ. ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆ ಬೋರ್ಡಿನ ಆಚೆ ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡುತ್ತದೆ, ಕಾಲಾಳಿನ ಮರೆ ತಪ್ಪಿದ ರಾಜನಿಗೆ ಅಡಗಲು ಜಾಗವಿರುವುದಿಲ್ಲ, ಆಟ ಡ್ರಾ ಆಗುತ್ತದೆ. ಲೂಸೆನಾ ಇದಕ್ಕೆ ಪ್ರತಿಯಾಗಿ ಗೆಲ್ಲುವ ಸ್ಥಿತಿ: ಕಾಲಾಳು ಏಳನೆಯ ಸಾಲಿಗೆ ತಲುಪಿ ಅದರ ಮುಂದೆ ತನ್ನದೇ ರಾಜ ನಿಂತಿರುವಾಗ, ಆನೆಯನ್ನು ನಾಲ್ಕನೆಯ ಸಾಲಿಗೆ ತಂದು ಚೆಕ್‌ಗಳಿಗೆ ಅಡ್ಡ ಹಿಡಿಯುವುದು. ಇದನ್ನು ಸೇತುವೆ ಕಟ್ಟುವುದು ಎನ್ನುತ್ತಾರೆ. ಇವನ್ನು ವಿಡಿಯೊದಲ್ಲಿ ನೋಡಿದ ಬಳಿಕ ಮನೆಯವರನ್ನೋ ಕಂಪ್ಯೂಟರನ್ನೋ ಎದುರಿಗೆ ಕೂರಿಸಿಕೊಂಡು ಎರಡೂ ಕಡೆಯಿಂದ ಐದೈದು ಸಲ ಆಡಿ ತೋರಿಸಬೇಕು.

ಇದು ಸಣ್ಣ ಮಕ್ಕಳ ಪಾಠವೆಂದು ತಿಳಿಯುವವರು 2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 14ನೆಯ ಆಟವನ್ನು ನೋಡಬೇಕು. ಬಿಳಿ ಕಾಯಿಗಳಲ್ಲಿ ಆಡುತ್ತಿದ್ದ ಆಗಿನ ಚಾಂಪಿಯನ್, ಚೀನಾದ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ಎಫ್2 ಮನೆಗೆ ತಂದು ತಪ್ಪು ಮಾಡಿದರು. ಎದುರಾಳಿ, ಭಾರತದ ಗುಕೇಶ್ ಮೊದಲು ಆನೆಗಳನ್ನು, ಆಮೇಲೆ ಒಂಟೆಗಳನ್ನು ಹೊಡೆದಾಡಿಸಿ, ಒಂದು ಕಾಲಾಳಿಗೆ ಎದುರಾಗಿ ಎರಡು ಕಾಲಾಳುಗಳಿರುವ ಎಂಡ್‌ಗೇಮಿಗೆ ಇಳಿಸಿದರು. 58ನೆಯ ನಡೆಗೆ ಡಿಂಗ್ ಸೋಲೊಪ್ಪಿದರು. ಏಳೂವರೆ-ಆರೂವರೆ ಅಂಕಗಳಿಂದ ಗುಕೇಶ್ ವಿಶ್ವ ಚಾಂಪಿಯನ್ ಆದರು. ಕೊನೆಯ ಸ್ಥಿತಿಯನ್ನು ಬೋರ್ಡಿನ ಮೇಲೆ ಇಟ್ಟರೆ, ರಾಜ-ಕಾಲಾಳುಗಳ ಪಾಠ ಮುಗಿಸಿದ ಮಗುವೂ ಅದು ಏಕೆ ಗೆಲುವು ಎಂದು ಹೇಳಬಲ್ಲದು.

ಓಪನಿಂಗ್ ಕೋರ್ಸ್ ಕೊಳ್ಳಲೇಬೇಕೆಂದರೆ ಬಿಳಿಗೆ ಒಂದು, ಕಪ್ಪಿಗೆ ಒಂದು ಸಾಕು. ಉದಾಹರಣೆಗೆ ಇಟಾಲಿಯನ್ ಆಟ: ಇ4, ಇ5, ಕುದುರೆ ಎಫ್3, ಕುದುರೆ ಸಿ6, ಒಂಟೆ ಸಿ4. ಇದನ್ನು ಕಲಿಸುವ ಕೋರ್ಸ್‌ಗಳಲ್ಲಿ ಪೂರ್ತಿ ಆಟಗಳನ್ನು ವಿವರಿಸುವ ಕೋರ್ಸನ್ನು ಆರಿಸಿ, ಮೊದಲ ಅಧ್ಯಾಯವನ್ನಷ್ಟೇ ನೋಡಿ, ಹತ್ತು ಆಟ ಆಡಿ, ಎದುರಾಳಿ ನಿಮ್ಮನ್ನು ತಡವರಿಸುವಂತೆ ಮಾಡಿದ ನಡೆ ಯಾವ ಅಧ್ಯಾಯದಲ್ಲಿದೆಯೋ ಅದನ್ನು ಮಾತ್ರ ತೆರೆಯಿರಿ.

ಶಾಲೆಗೆ ಹೋಗುವ ಮಕ್ಕಳಿಗೆ ವಾರದಲ್ಲಿ ಮೂರು ದಿನ ಒಂದೊಂದು ಗಂಟೆಯ ವಿಡಿಯೊ ಪಾಠ, ಎರಡು ದಿನ ಚದುರಂಗದ ಸ್ಥಿತಿಗಳನ್ನು ಬಿಡಿಸುವ ಅಭ್ಯಾಸ, ಶನಿವಾರ ಮತ್ತು ಭಾನುವಾರ ತಲಾ ಒಂದು ದೀರ್ಘ ಆಟ ಮತ್ತು ಅದರ ಪರಿಶೀಲನೆ ಸಾಕಾಗುತ್ತದೆ. ಪರೀಕ್ಷೆಯ ದಿನಗಳಲ್ಲಿ ವಿಡಿಯೊ ಬಿಟ್ಟರೂ ಹತ್ತು ನಿಮಿಷದ ಪುನರಾವರ್ತನೆಯನ್ನು ಬಿಡಬೇಡಿ.

ಒಂದು ಕೋರ್ಸ್ ಮುಗಿದ ಮೇಲೆ ಹೊಸದಕ್ಕೆ ಹಣ ಕಟ್ಟುವ ಮೊದಲು ಮತ್ತೆ 20 ದೀರ್ಘ ಆಟಗಳನ್ನು ಆಡಿ, ಅವುಗಳಲ್ಲಿ ಸೋತವನ್ನು ಅದೇ ಐದು ಅಂಕಣಗಳಲ್ಲಿ ತುಂಬಿ, ಹಳೆಯ ಪುಟದ ಪಕ್ಕದಲ್ಲಿಟ್ಟು ನೋಡಿ. ನೀವು ಕಲಿತ ವಿಷಯದ ಅಂಕಣದಲ್ಲಿ ಸೋಲುಗಳ ಪಾಲು ಕಡಿಮೆಯಾಗಿದ್ದರೆ, ಈಗ ಯಾವ ಅಂಕಣ ದೊಡ್ಡದಾಗಿದೆಯೋ ಅದರ ಕೋರ್ಸನ್ನು ಹುಡುಕಿ. ಕಡಿಮೆಯಾಗಿಲ್ಲದಿದ್ದರೆ ಅದೇ ಕೋರ್ಸನ್ನು ಮೊದಲ ಪಾಠದಿಂದ, ಬೋರ್ಡನ್ನು ಮುಂದಿಟ್ಟುಕೊಂಡು, ಮತ್ತೊಮ್ಮೆ ಮಾಡಿ.